ಹಲ್ಲುಪುಡಿ ಡಬ್ಬಿಯಲ್ಲಿದ್ದ ಮೇಣದ ತುಂಡು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಪುರವಣಿಯಲ್ಲಿ ‘ಇಂಜೆಕ್ಷನ್ ಕೊಟ್ಟರು, ಕ್ಯಾನ್ಸರ್ ಮಂಗಮಾಯ’ ಎಂಬ ಲೇಖನ ಬಂದಿತ್ತು. ಸೋಮವಾರ ಬೆಳಿಗ್ಗೆ ತಿಂಡಿ ಆಗುವುದರೊಳಗೆ ನನಗೆ ಮೂರು ಫೋನ್ ಬಂದವು. ಮೂವರದೂ ಒಂದೇ ಪ್ರಶ್ನೆ: ‘ಆ ಇಂಜೆಕ್ಷನ್ ಮೈಸೂರಲ್ಲಿ ಸಿಗುತ್ತಾ?’ ಅವರಲ್ಲಿ ಒಬ್ಬರ ತಮ್ಮನಿಗೆ ಇರುವುದು ಬಾಯಿ ಕ್ಯಾನ್ಸರ್. ನಿಮ್ಮ ಲೇಖನ ಹೇಳುತ್ತಿದ್ದ ಕಾಯಿಲೆಯೇ ಬೇರೆ. ಆದರೆ ತಲೆಬರಹ ನೋಡಿದವರಿಗೆ ಅದು ಹೇಗೆ ಗೊತ್ತಾಗಬೇಕು, ಅಲ್ವಾ?

ನಾನು ಡಾಕ್ಟರಲ್ಲ. ಮೈಸೂರಿನ ಆಸ್ಪತ್ರೆಯೊಂದರ ಪೆಥಾಲಜಿ ವಿಭಾಗದಲ್ಲಿ 1985ರಿಂದ 2020ರವರೆಗೆ ಟೆಕ್ನಿಷಿಯನ್ ಆಗಿದ್ದವಳು. ಆಪರೇಷನ್‌ನಲ್ಲಿ ತೆಗೆದ ಗಡ್ಡೆಯ ಚೂರನ್ನು ಮೇಣದಲ್ಲಿ ಕೂರಿಸಿ, ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ, ಗಾಜಿನ ಸ್ಲೈಡ್ ಮಾಡಿ ಡಾಕ್ಟರ ಮೇಜಿಗೆ ಇಡುವುದು ನನ್ನ ಕೆಲಸ. ನೋಡಿ ರಿಪೋರ್ಟ್ ಬರೆಯುವುದು ಅವರ ಕೆಲಸ. ಆದರೂ 35 ವರ್ಷ ಸ್ಲೈಡ್ ಮಾಡಿದವಳು ಒಮ್ಮೆಯಾದರೂ ಕಣ್ಣಿಟ್ಟು ನೋಡದೆ ಇರುತ್ತಾಳೆಯೇ?

ಲೇಖನದಲ್ಲಿ ಸುಳ್ಳೇನೂ ಇರಲಿಲ್ಲ. ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಆಂಡ್ರಿಯಾ ಸೆರ್ಸೆಕ್ ಎಂಬ ಡಾಕ್ಟರ ತಂಡ ಗುದನಾಳದ ಕ್ಯಾನ್ಸರ್ ಇದ್ದವರಿಗೆ ಡೋಸ್ಟಾರ್ಲಿಮ್ಯಾಬ್ ಎಂಬ ಔಷಧವನ್ನು ಮೂರು ವಾರಕ್ಕೊಮ್ಮೆ, ಆರು ತಿಂಗಳು ಕೊಟ್ಟಿತು. 2022ರಲ್ಲಿ ಮೊದಲ 12 ಜನರ ಫಲಿತಾಂಶ ಬಂತು. ಹನ್ನೆರಡೂ ಜನರಲ್ಲಿ ಗಡ್ಡೆ ಕಾಣದಂತಾಯಿತು. ಆಪರೇಷನ್ ಇಲ್ಲ, ರೇಡಿಯೇಷನ್ ಇಲ್ಲ, ಕೀಮೋ ಇಲ್ಲ. 2025ರ ವರದಿಯಲ್ಲಿ ಆ ಸಂಖ್ಯೆ 49ಕ್ಕೆ ಏರಿತ್ತು, ಅಷ್ಟೂ ಜನರಿಗೂ ಹಾಗೇ ಆಗಿತ್ತು. ಇಷ್ಟು ನೀವೂ ಬರೆದಿದ್ದೀರಿ. ಬಿಟ್ಟದ್ದು ಒಂದೇ ಒಂದು ಸಾಲು: ಆ 49 ಜನರನ್ನೂ ಆರಿಸಿಕೊಂಡದ್ದು ಅವರ ಗಡ್ಡೆಗೆ ಎಂಎಂಆರ್ ಎಂಬ ಒಂದು ಪರೀಕ್ಷೆ ಮಾಡಿದ ಮೇಲೆ. ಆ ಪರೀಕ್ಷೆ ನಮ್ಮೂರಿನ ಕಡೆಯೂ ಆಗುತ್ತದೆ. ಇಂಜೆಕ್ಷನ್‌ಗೆ ಲಕ್ಷಗಟ್ಟಲೆ ಬೇಕು, ಪರೀಕ್ಷೆಗೆ ಕೆಲವು ಸಾವಿರ ಸಾಕು. ನಾನು ಈ ಪತ್ರ ಬರೆಯುತ್ತಿರುವುದು ಆ ಪರೀಕ್ಷೆಯ ವಿಷಯಕ್ಕೆ, ಮತ್ತೆ ಸ್ವಲ್ಪ ನಮ್ಮ ಮನೆಯ ವಿಷಯಕ್ಕೆ.

ನಮ್ಮ ಯಜಮಾನರು ತೀರಿಕೊಂಡದ್ದು 2004ರಲ್ಲಿ. ವಯಸ್ಸು 46. ದೊಡ್ಡ ಕರುಳಿನ ಬಲಭಾಗದಲ್ಲಿ ಗಡ್ಡೆ. ಒಂದು ವರ್ಷ ಸುಮ್ನೆ ಸುಸ್ತು, ಸುಸ್ತು ಎನ್ನುತ್ತಿದ್ದರು. ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ ಕೊಡುತ್ತಿದ್ದರು. ಬಲಗಡೆಯ ಗಡ್ಡೆ ಹಾಗೆಯೇ, ಮಲದಲ್ಲಿ ಕೆಂಪಾಗಿ ಕಾಣದ ಹಾಗೆ ರಕ್ತ ಸೋರುತ್ತಿರುತ್ತದೆ. 2003ರಲ್ಲಿ ಆಪರೇಷನ್ ಆದಮೇಲೆ ಅವರ ಗಡ್ಡೆ ಬಂದದ್ದು ನಮ್ಮ ಲ್ಯಾಬಿಗೇ. ಅದರ ಬ್ಲಾಕ್, ಅಂದರೆ ಚೂರು ಕೂರಿಸಿದ ಮೇಣದ ತುಂಡು, ಕತ್ತರಿಸಲು ನನಗೆ ಕೊಡಲಿಲ್ಲ. ಸಹೋದ್ಯೋಗಿಯೊಬ್ಬರು ‘ನೀವು ಇವತ್ತು ಮನೆಗೆ ಹೋಗಿ ಮೇಡಂ’ ಎಂದು ಅವರೇ ಮಾಡಿದರು. ರಿಪೋರ್ಟಿನಲ್ಲಿ ಕೊನೆಗೆ ಒಂದು ಸಾಲು ಇತ್ತು. ಗಡ್ಡೆಯ ಸುತ್ತಮುತ್ತ ಲಿಂಫೋಸೈಟ್‌ಗಳು ತುಂಬಾ ಜಾಸ್ತಿ ಇವೆ ಎಂದು. ಆ ಸಾಲನ್ನು ಚಿಕಿತ್ಸೆ ಕೊಟ್ಟವರು ಓದಿದರೋ ಇಲ್ಲವೋ ಗೊತ್ತಿಲ್ಲ. ನಾನು ಓದಿದ್ದೆ. ಓದಿ ಫೈಲಿನಲ್ಲಿ ಇಟ್ಟೆ.

ಆ ಸ್ಲೈಡ್ ಹೇಗಿತ್ತು ಎಂದು ಹೇಳುತ್ತೇನೆ. ನಮ್ಮ ಮಾಮೂಲಿ ಬಣ್ಣದಲ್ಲಿ ಕಣದ ಮೈ ಗುಲಾಬಿ, ಒಳಗಿನ ಬೀಜ ನೀಲಿ. ಗಡ್ಡೆಯ ಕಣಗಳು ದೊಡ್ಡವು, ಅಡ್ಡಾದಿಡ್ಡಿ. ಲಿಂಫೋಸೈಟ್ ಎಂದರೆ ಬಿಳಿ ರಕ್ತಕಣಗಳಲ್ಲಿ ಒಂದು ಜಾತಿ, ಚಿಕ್ಕದು, ದುಂಡಗೆ, ಕಡುನೀಲಿ. ಮೊರದಲ್ಲಿ ಕೇರಿದಾಗ ರಾಗಿ ಕಾಳು ಚೆಲ್ಲಿದ ಹಾಗೆ ಅವು ಗಡ್ಡೆಯ ತುಂಬ ಚೆಲ್ಲಿದ್ದವು. ಗಡ್ಡೆಯ ಅಂಚಿನಲ್ಲಂತೂ ಅಲ್ಲಲ್ಲಿ ಗುಡ್ಡೆ ಗುಡ್ಡೆ. ಸಾಧಾರಣ ಕರುಳಿನ ಕ್ಯಾನ್ಸರಿನಲ್ಲಿ ಅಷ್ಟೊಂದು ಇರುವುದಿಲ್ಲ. ದೇಹ ಆ ಗಡ್ಡೆಯನ್ನು ಪರಕೀಯ ಎಂದು ಗುರುತು ಹಿಡಿದಿತ್ತು, ಜನ ಕಳಿಸಿತ್ತು. ಯಾಕೆ ಗುರುತು ಹಿಡಿಯಿತು, ಗುರುತು ಹಿಡಿದೂ ಯಾಕೆ ಸೋತಿತು ಎಂಬುದು ನನಗೆ ತಿಳಿಯಲು 18 ವರ್ಷ ಬೇಕಾಯಿತು.

ನಮ್ಮ ಅತ್ತೆಯವರಿಗೆ ರಾಮಕೋಟಿ ಬರೆಯುವ ಅಭ್ಯಾಸ ಇತ್ತು. ರೂಲು ಹಾಕಿದ ನೋಟ್‌ಬುಕ್ಕಿನಲ್ಲಿ ‘ಶ್ರೀರಾಮ ಶ್ರೀರಾಮ’ ಎಂದು ಸಾಲಿಗೆ ಎಂಟು. ಸಂಜೆ ಎಣಿಸುವಾಗ ನೋಡಿದರೆ ಒಂದು ಸಾಲಿನಲ್ಲಿ ಏಳು, ಇನ್ನೊಂದರಲ್ಲಿ ಒಂಬತ್ತು. ಬೇರೆ ಬೇರೆ ಮಾತು ಬರೆಯುವಾಗ ತಪ್ಪದವರು ಒಂದೇ ಮಾತು ಬರೆಯುವಾಗ ತಪ್ಪುತ್ತಾರೆ. ನಮ್ಮ ಡಿಎನ್‌ಎಯಲ್ಲಿಯೂ ಒಂದೇ ಅಕ್ಷರ ಎಂಟು, ಹತ್ತು ಸಲ ಬರುವ ಜಾಗಗಳಿವೆ. ಕಣ ಎರಡಾಗುವಾಗ ಅಲ್ಲಿ ನಕಲು ತಪ್ಪುತ್ತದೆ. ತಪ್ಪಿದ್ದನ್ನು ತಿದ್ದಲು ನಾಲ್ಕು ಮುಖ್ಯ ಪ್ರೋಟೀನುಗಳಿವೆ: ಎಂಎಲ್‌ಎಚ್1, ಪಿಎಂಎಸ್2, ಎಂಎಸ್‌ಎಚ್2, ಎಂಎಸ್‌ಎಚ್6. ಮೊದಲೆರಡು ಒಂದು ಜೋಡಿ, ಕೊನೆಯೆರಡು ಇನ್ನೊಂದು ಜೋಡಿ. ಜೋಡೆತ್ತಿನ ಹಾಗೆ. ಎಂಎಸ್‌ಎಚ್2 ಬಿದ್ದರೆ ಎಂಎಸ್‌ಎಚ್6 ಕೂಡ ನಿಲ್ಲುವುದಿಲ್ಲ.

ತಿದ್ದುವವರು ಇಲ್ಲದಿದ್ದರೆ ಏನಾಗುತ್ತದೆ? ಡಿಎನ್‌ಎ ಓದುವುದು ಮೂರು ಮೂರು ಅಕ್ಷರವಾಗಿ. ‘ಅವಳ ಮಗಳು ಕಮಲ ಮರಳಿ ಬಂದಳು’ ಎಂದು ಬರೆದಿದೆ ಎಂದುಕೊಳ್ಳಿ. ಎರಡನೆಯ ಅಕ್ಷರ ಒಂದು ಬಿಟ್ಟುಹೋದರೆ, ಮೂರು ಮೂರಾಗಿ ಓದುವವನಿಗೆ ಅದು ‘ಅಳಮ ಗಳುಕ ಮಲಮ ರಳಿಬಂ ದಳು’. ಇಂಥ ಅಡ್ನಾಡಿ ಪ್ರೋಟೀನುಗಳನ್ನು ಗಡ್ಡೆ ತಯಾರಿಸುತ್ತಾ ಹೋಗುತ್ತದೆ. ದೇಹದ ಟಿ ಕಣಗಳು, ಅಂದರೆ ಲಿಂಫೋಸೈಟ್‌ಗಳಲ್ಲೇ ಒಂದು ಬಗೆ, ಹುಟ್ಟಿದಾಗಿನಿಂದ ಇಂಥ ಭಾಷೆ ಕೇಳಿಯೇ ಇಲ್ಲ. ‘ಯಾರೋ ನೀನು?’ ಎಂದು ಮುಗಿಬೀಳುತ್ತವೆ. ನಾನು ನೋಡಿದ ರಾಗಿ ಕಾಳು ಅದೇ.

ಆದರೆ ಗಡ್ಡೆಯೂ ಜಾಣ. ಟಿ ಕಣದ ಮೈಮೇಲೆ ಪಿಡಿ-1 ಎಂಬ ಬ್ರೇಕ್ ಇದೆ. ದೇಹ ತನ್ನನ್ನು ತಾನೇ ತಿಂದುಹಾಕದಿರಲಿ ಎಂದು ಇರುವ ಬ್ರೇಕ್. ಗಡ್ಡೆ ಅದನ್ನು ಒತ್ತಿ ಹಿಡಿಯುತ್ತದೆ. ಬಂದ ಜನ ಬಂದಲ್ಲೇ ಕೂತುಬಿಡುತ್ತಾರೆ. ಪಿಡಿ-1 ಕಂಡುಹಿಡಿದ ಜಪಾನಿನ ತಸುಕು ಹೊಂಜೊ, ಇನ್ನೊಂದು ಬ್ರೇಕ್ ಮೇಲೆ ಕೆಲಸ ಮಾಡಿದ ಅಮೆರಿಕದ ಜೇಮ್ಸ್ ಅಲಿಸನ್ ಇಬ್ಬರಿಗೂ 2018ರಲ್ಲಿ ನೊಬೆಲ್ ಬಂತು. ನಿಮ್ಮ ಲೇಖನದ ಇಂಜೆಕ್ಷನ್ ಮಾಡುವುದು ಇಷ್ಟೇ, ಬ್ರೇಕಿನ ಮೇಲಿಂದ ಕಾಲು ತೆಗೆಸುತ್ತದೆ. ಜನ ಮೊದಲೇ ಬಂದು ಕೂತಿರಬೇಕು. ಖಾಲಿ ಗಾಡಿಯ ಬ್ರೇಕ್ ಬಿಟ್ಟು ಏನು ಪ್ರಯೋಜನ?

ಇದು ಗೊತ್ತಾದ ಬಗೆ ಚೆನ್ನಾಗಿದೆ. ಪಿಡಿ-1 ಔಷಧವನ್ನು ಮೊದಮೊದಲು ಕರುಳಿನ ಕ್ಯಾನ್ಸರ್ ಇದ್ದ 33 ಜನರಿಗೆ ಕೊಟ್ಟಾಗ ಉಪಯೋಗ ಆದದ್ದು ಒಬ್ಬರಿಗೆ ಮಾತ್ರ. ಬೇರೆಯವರಾಗಿದ್ದರೆ ‘ಕರುಳಿಗೆ ಆಗಲ್ಲ’ ಎಂದು ಬಿಟ್ಟುಬಿಡುತ್ತಿದ್ದರು. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯವರು ‘ಆ ಒಬ್ಬರಿಗೆ ಯಾಕೆ ಆಯಿತು?’ ಎಂದು ಕೇಳಿಕೊಂಡರು. ಆ ಒಬ್ಬರ ಗಡ್ಡೆಯಲ್ಲಿ ತಿದ್ದುವ ವ್ಯವಸ್ಥೆ ಕೆಟ್ಟಿತ್ತು. 2015ರಲ್ಲಿ ಅವರು ಇದೇ ಅನುಮಾನವನ್ನು ಪರೀಕ್ಷಿಸಿದರು. ತಿದ್ದುವ ಶಕ್ತಿ ಕೆಟ್ಟ ಕರುಳಿನ ಗಡ್ಡೆಗಳಲ್ಲಿ 10ರಲ್ಲಿ ನಾಲ್ಕು ಕುಗ್ಗಿದವು. ಸರಿ ಇದ್ದ 18ರಲ್ಲಿ ಒಂದೂ ಇಲ್ಲ. ಕೆಟ್ಟ ಗಡ್ಡೆಯಲ್ಲಿ ಸರಾಸರಿ 1,782 ತಪ್ಪುಗಳು, ಸರಿ ಇದ್ದದ್ದರಲ್ಲಿ 73. ಜಾಸ್ತಿ ಕೆಟ್ಟಷ್ಟೂ ಜಾಸ್ತಿ ಸಿಕ್ಕಿಬೀಳುತ್ತದೆ. ಕಳ್ಳ ಹೆಚ್ಚು ಮನೆ ಹೊಕ್ಕಷ್ಟೂ ಹೆಚ್ಚು ಗುರುತು ಬಿಡುತ್ತಾನಲ್ಲ, ಹಾಗೆ.

ಕರುಳಿನ ಕ್ಯಾನ್ಸರ್ 100 ಇದ್ದರೆ ಇಂಥವು ಸುಮಾರು 15. ಅವುಗಳಲ್ಲಿ ಹೆಚ್ಚಿನವು ವಯಸ್ಸಾದವರಲ್ಲಿ ತಾವಾಗಿಯೇ ಬಂದವು, ಮಕ್ಕಳಿಗೆ ದಾಟುವುದಿಲ್ಲ. ನೂರರಲ್ಲಿ ಸುಮಾರು ಮೂರು ಮಾತ್ರ ಹುಟ್ಟಿನಿಂದಲೇ ಬಂದದ್ದು. ಅದಕ್ಕೆ ಲಿಂಚ್ ಸಿಂಡ್ರೋಮ್ ಎಂದು ಹೆಸರು.

ಹೆನ್ರಿ ಲಿಂಚ್ ಅಮೆರಿಕದ ನೆಬ್ರಾಸ್ಕದ ಡಾಕ್ಟರು, 2019ರಲ್ಲಿ ತೀರಿಕೊಂಡರು. 1960ರ ದಶಕದ ಶುರುವಿನಲ್ಲಿ ಅವರ ಬಳಿ ಕುಡಿದು ಕುಡಿದು ಹಾಳಾದ ರೋಗಿಯೊಬ್ಬ ಬಂದ. ಯಾಕಪ್ಪಾ ಇಷ್ಟು ಕುಡಿಯುತ್ತೀಯ ಎಂದರೆ, ನಮ್ಮ ಮನೆಯಲ್ಲಿ ಎಲ್ಲರೂ ಕರುಳಿನ ಕ್ಯಾನ್ಸರಿನಲ್ಲೇ ಸಾಯುವುದು, ನಾನೂ ಹಾಗೇ ಸಾಯುತ್ತೇನೆ ಎಂದನಂತೆ. ಲಿಂಚ್ ಅವನ ಮನೆತನ ಜಾಲಾಡಿದರು. ಕ್ಯಾನ್ಸರ್ ವಂಶದಲ್ಲಿ ಬರುತ್ತದೆ ಎಂದು ಅವರು ಹೇಳಿದಾಗ ಬಹಳ ವರ್ಷ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರಿಗಿಂತ ಮುಂಚೆ, 1895ರಲ್ಲಿ, ಮಿಶಿಗನ್ನಿನ ಆಲ್ಡ್ರೆಡ್ ವಾರ್ಥಿನ್ ಎಂಬ ಪೆಥಾಲಜಿಸ್ಟ್ ಹತ್ತಿರ ಹೊಲಿಗೆ ಕೆಲಸ ಮಾಡುವ ಹೆಂಗಸು ಇದೇ ಮಾತು ಹೇಳಿದ್ದಳು. ನಮ್ಮ ಮನೆಯವರೆಲ್ಲ ಹೊಟ್ಟೆ, ಕರುಳು, ಗರ್ಭಕೋಶದ ಕ್ಯಾನ್ಸರಿನಲ್ಲಿ ಹೋಗುತ್ತಾರೆ, ನಾನೂ ಬೇಗ ಹೋಗುತ್ತೇನೆ ಎಂದು. ಹಾಗೇ ಗರ್ಭಕೋಶದ ಕ್ಯಾನ್ಸರಿನಲ್ಲಿ ಹೋದಳು. ವಾರ್ಥಿನ್ ಆ ಮನೆತನದ ವಿವರ 1913ರಲ್ಲಿ ಪ್ರಕಟಿಸಿದರು. ಅವರಲ್ಲಿ ಇದ್ದದ್ದು ಎಂಎಸ್‌ಎಚ್2 ದೋಷ ಎಂದು ಪತ್ತೆಯಾದದ್ದು 2000ದಲ್ಲಿ. ಒಬ್ಬ ಕುಡುಕ, ಒಬ್ಬಳು ಹೊಲಿಗೆಯವಳು. ಇಬ್ಬರೂ ಬಾಯಿಬಿಟ್ಟು ಹೇಳಿದರು, ಕೇಳುವವರು ಬರೆದುಕೊಂಡರು.

ನಮ್ಮ ಮನೆಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ಅತ್ತೆಯವರು ಹೋದದ್ದು 1989ರಲ್ಲಿ, 51ನೇ ವಯಸ್ಸಿಗೆ. ಮುಟ್ಟು ನಿಂತ ಮೇಲೂ ರಕ್ತ ಹೋಗುತ್ತಿತ್ತು. ಎಂಟು ತಿಂಗಳು ಮುಚ್ಚಿಟ್ಟರು. ಬಟ್ಟೆಯನ್ನು ಹಿತ್ತಲಲ್ಲಿ ಬೆಳಗಿನ ಜಾವ ಒಗೆಯುತ್ತಿದ್ದರು. ನಾನು ಒಂದು ದಿನ ನೋಡಿ ಕೇಳಿದರೆ ‘ಸುಮ್ನಿರು ಮಗಾ, ಈ ವಯಸ್ಸಲ್ಲಿ ಇದೆಲ್ಲ ಇದ್ದದ್ದೇ’ ಎಂದರು. ಗರ್ಭಕೋಶದ ಕ್ಯಾನ್ಸರ್. ಅವರ ಅಣ್ಣ ಕೆ.ಆರ್. ಪೇಟೆ ಕಡೆಯ ಊರಿನಲ್ಲಿ ನಲವತ್ತು ದಾಟುವಷ್ಟರಲ್ಲಿ ಹೊಟ್ಟೆ ಉಬ್ಬಿ ಸತ್ತಿದ್ದರು. ಯಾರೋ ದಾಯಾದಿಗಳು ಮದ್ದು ಹಾಕಿದರು ಎಂದು ಊರೆಲ್ಲ ಹೇಳುತ್ತಿತ್ತು. ಆ ದಾಯಾದಿಗಳ ಮನೆಗೆ ನಮ್ಮ ಕಡೆಯವರು ಇವತ್ತಿಗೂ ಹೋಗುವುದಿಲ್ಲ. ಮೂರು ಜನ, ಎರಡು ತಲೆಮಾರು, ಒಬ್ಬರಾದರೂ 50ರ ಒಳಗೆ. ವಂಶದಲ್ಲಿ ಬರುವ ಕರುಳಿನ ಕ್ಯಾನ್ಸರ್ ಗುರುತಿಸಲು ಡಾಕ್ಟರುಗಳು 1990ರಲ್ಲಿ ಮಾಡಿಕೊಂಡು, 1999ರಲ್ಲಿ ಗರ್ಭಕೋಶದ ಕ್ಯಾನ್ಸರನ್ನೂ ಸೇರಿಸಿದ ಆಮ್‌ಸ್ಟರ್‌ಡ್ಯಾಮ್ ನಿಯಮವೂ ಹೆಚ್ಚುಕಡಿಮೆ ಇದೇ ಲೆಕ್ಕ ಹಾಕುತ್ತದೆ. ಮೂರು ಸಾವೂ ನನಗೆ ಗೊತ್ತಿತ್ತು, ನನ್ನ ಕೆಲಸವೂ ಅದೇ ಆಗಿತ್ತು. ಒಂದರ ಪಕ್ಕ ಒಂದು ಇಟ್ಟು ನೋಡಲಿಲ್ಲ.

2014ರಲ್ಲಿ ಲ್ಯಾಬಿನಲ್ಲಿ ಜಾಗ ಸಾಲದೆ ಹತ್ತು ವರ್ಷಕ್ಕಿಂತ ಹಳೆಯ ಬ್ಲಾಕುಗಳನ್ನು ವಿಲೇವಾರಿ ಮಾಡಲು ಶುರು ಮಾಡಿದರು. ಮುಖ್ಯಸ್ಥರನ್ನು ಕೇಳಿ ನಮ್ಮವರ ಬ್ಲಾಕ್ ಮನೆಗೆ ತಂದೆ. ವಿಜ್ಞಾನಕ್ಕಾಗಿ ಅಲ್ಲ, ಕಸದ ಬುಟ್ಟಿಗೆ ಹಾಕಲು ಮನಸ್ಸು ಬರಲಿಲ್ಲ, ಅಷ್ಟೇ. ಬೆಂಕಿಪೆಟ್ಟಿಗೆಗಿಂತ ಚಿಕ್ಕದು. ನಂಜನಗೂಡು ಹಲ್ಲುಪುಡಿ ಡಬ್ಬಿಯಲ್ಲಿ ಹತ್ತಿ ಸುತ್ತಿ, ದೇವರ ಮನೆಯ ಗೂಡಿನ ಕೆಳಗಡೆ ಇಟ್ಟೆ. ಎಂಟು ವರ್ಷ ಅಲ್ಲೇ ಇತ್ತು.

2022ರ ಜೂನ್‌ನಲ್ಲಿ ಆ 12 ಜನರ ಸುದ್ದಿ ಓದಿದಾಗ ‘ತಿದ್ದುವ ವ್ಯವಸ್ಥೆ ಕೆಟ್ಟ ಗಡ್ಡೆ’ ಎಂಬ ಮಾತಿನ ಹತ್ತಿರ ನಿಂತುಬಿಟ್ಟೆ. ಬೆಂಗಳೂರಿನಲ್ಲಿ ಲ್ಯಾಬ್ ನೋಡಿಕೊಳ್ಳುತ್ತಿರುವ ನನ್ನ ಹಳೆಯ ಶಿಷ್ಯೆಯ ಹತ್ತಿರ ಡಬ್ಬಿ ತೆಗೆದುಕೊಂಡು ಹೋದೆ. ‘ನಾನೇ ಕತ್ತರಿಸಲಾ?’ ಎಂದೆ. ಅವಳು ಸುಮ್ಮನೆ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಬ್ಲಾಕನ್ನು ಐಸಿನ ಮೇಲಿಟ್ಟು ತಣ್ಣಗೆ ಮಾಡಿ ಮೈಕ್ರೋಟೋಮ್ ಎಂಬ ಕತ್ತರಿಸುವ ಯಂತ್ರಕ್ಕೆ ಸಿಕ್ಕಿಸಿದೆ. ಒಂದೊಂದು ಪದರ ನಾಲ್ಕು ಮೈಕ್ರಾನ್, ಕೂದಲಿಗಿಂತ ತೆಳು. ಮೇಣದ ಪಟ್ಟಿ ಬಿಡದೆ ಬಂತು. ಬಿಸಿನೀರಿನ ಮೇಲೆ ಬಿಟ್ಟಾಗ ಹಾಲಿನ ಕೆನೆಯ ಹಾಗೆ ಹರಡಿಕೊಂಡಿತು. ಕೈ ಮರೆತಿರಲಿಲ್ಲ, ಕಣ್ಣು ಮಾತ್ರ ಆಗಾಗ ಮಂಜಾಗುತ್ತಿತ್ತು. ನಾಲ್ಕು ಸ್ಲೈಡ್, ನಾಲ್ಕು ಪ್ರೋಟೀನಿಗೆ ಒಂದೊಂದು. ಪ್ರೋಟೀನ್ ಇದ್ದರೆ ಕಣದ ಬೀಜ ಕಾಫಿಪುಡಿ ಬಣ್ಣಕ್ಕೆ ತಿರುಗುತ್ತದೆ, ಇಲ್ಲದಿದ್ದರೆ ನೀಲಿಯಾಗಿಯೇ ಉಳಿಯುತ್ತದೆ.

ಎಂಎಲ್‌ಎಚ್1, ಪಿಎಂಎಸ್2 ಎರಡರಲ್ಲೂ ಎಲ್ಲ ಕಂದು. ಎಂಎಸ್‌ಎಚ್2 ಸ್ಲೈಡಿನಲ್ಲಿ ಗಡ್ಡೆಯ ಕಣಗಳೆಲ್ಲ ತಣ್ಣನೆಯ ನೀಲಿ. ಎಂಎಸ್‌ಎಚ್6ರಲ್ಲೂ ಅದೇ. ಅವುಗಳ ಮಧ್ಯೆ ಲಿಂಫೋಸೈಟ್‌ಗಳು ಮಾತ್ರ ಕಡು ಕಂದು. 2003ರಲ್ಲಿ ನೋಡಿದ್ದ ಅದೇ ರಾಗಿ ಕಾಳು, ಈಗ ರಾಗಿಯದೇ ಬಣ್ಣದಲ್ಲಿ. ಗಡ್ಡೆ ಕಳೆದುಕೊಂಡ ಪ್ರೋಟೀನು ಅದರ ಮೇಲೆ ಬಿದ್ದ ಕಣಗಳಲ್ಲಿ ಇನ್ನೂ ಇತ್ತು. ಯಾಕೆಂದರೆ ಜೀನು ಎರಡು ಪ್ರತಿ ಇರುತ್ತದೆ. ಹುಟ್ಟಿನಲ್ಲಿ ಕೆಟ್ಟದ್ದು ಒಂದು, ಉಳಿದದ್ದು ಒಂದು. ಗಡ್ಡೆಯಲ್ಲಿ ಆ ಉಳಿದದ್ದೂ ಹೋಗಿತ್ತು.

ಆ ಒಂದು ಕೆಟ್ಟ ಪ್ರತಿ ಮಕ್ಕಳಿಗೆ ದಾಟುವುದು ನಾಣ್ಯ ಚಿಮ್ಮಿದ ಹಾಗೆ, ಅರ್ಧಕ್ಕರ್ಧ. ಮಗ, ಮಗಳು ಇಬ್ಬರೂ ಜೆನೆಟಿಕ್ ಕೌನ್ಸೆಲರ್ ಹತ್ತಿರ ಕೂತು ಮಾತಾಡಿ ರಕ್ತ ಕೊಟ್ಟರು. ಮಗಳಿಗೆ ಇಲ್ಲ. ಮಗನಿಗೆ ಇದೆ. ಅವನಿಗೆ ಆಗ 34. ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆಮೇಲೆ ತಾನೇ ಫೋನ್ ಮಾಡಿ ‘ಕೊಲೊನೋಸ್ಕೊಪಿಗೆ ಡೇಟ್ ತಗೊಂಡೆ, ಬಾ’ ಎಂದ. ಕ್ಯಾಮೆರಾ ಇರುವ ಕೊಳವೆ ಹಾಕಿ ದೊಡ್ಡ ಕರುಳಿನ ಒಳಗೆ ನೋಡುವ ಪರೀಕ್ಷೆ ಅದು. ಹಿಂದಿನ ರಾತ್ರಿ ಆ ಉಪ್ಪುನೀರಿನಂಥ ಔಷಧ ಕುಡಿಯುತ್ತಾ ‘ಅಮ್ಮ, ಇದಕ್ಕಿಂತ ಅಜ್ಜಿಯ ಹರಳೆಣ್ಣೆ ವಾಸಿ’ ಎಂದಾಗ ನನಗೆ ಸಮಾಧಾನವಾಯಿತು. ಬಲಭಾಗದಲ್ಲಿ ಅಡಿನೋಮ ಎಂಬ ಒಂದು ಪಾಲಿಪ್, ಅಂದರೆ ಮುಂದೆ ಕ್ಯಾನ್ಸರ್ ಆಗಬಹುದಾದ ಪುಟ್ಟ ಗಂಟು, ಇತ್ತು, ಕಡಲೆಕಾಳಿನಷ್ಟು. ಅಲ್ಲೇ ಕಿತ್ತು ತೆಗೆದರು. ಅವನ ಅಪ್ಪನಿಗೆ ಗಡ್ಡೆ ಇದ್ದ ಕಡೆಯೇ. ಈಗ ವರ್ಷಕ್ಕೊಮ್ಮೆ ನೋಡಿಸುತ್ತಾನೆ. ಫಿನ್ಲೆಂಡಿನಲ್ಲಿ ಇಂಥ ಮನೆತನಗಳವರನ್ನು 15 ವರ್ಷ ಗಮನಿಸಿದರು. ಮೂರು ವರ್ಷಕ್ಕೊಮ್ಮೆ ಕೊಲೊನೋಸ್ಕೊಪಿ ಮಾಡಿಸಿಕೊಂಡವರಲ್ಲಿ ಕರುಳಿನ ಕ್ಯಾನ್ಸರ್ 62 ಶೇಕಡ ಕಡಿಮೆಯಾಗಿತ್ತು. ಈಗ ಒಂದೆರಡು ವರ್ಷಕ್ಕೊಮ್ಮೆ ಎನ್ನುತ್ತಾರೆ.

ಆಸ್ಪಿರಿನ್ ವಿಷಯವೂ ಇದೆ. ಇಂಗ್ಲೆಂಡಿನ ನ್ಯೂಕಾಸಲ್‌ನ ಜಾನ್ ಬರ್ನ್ ಅವರ ತಂಡ ಲಿಂಚ್ ಇರುವ 861 ಜನರ ಮೇಲೆ ಪ್ರಯೋಗ ನಡೆಸಿತು. ಆಸ್ಪಿರಿನ್ ಪಾಲಿಗೆ ಬಂದವರು ದಿನಕ್ಕೆ 600 ಮಿಲಿಗ್ರಾಂ ಹಾಗೆ ಕನಿಷ್ಠ ಎರಡು ವರ್ಷ ನುಂಗಬೇಕಿತ್ತು. ವರ್ಷಗಳ ನಂತರ ನೋಡಿದಾಗ ಅವರಲ್ಲಿ ಕರುಳಿನ ಕ್ಯಾನ್ಸರ್ 9 ಶೇಕಡ, ಉಳಿದವರಲ್ಲಿ 13. ಹಾಗೆಂದು ಯಾರೂ ಮೆಡಿಕಲ್ ಶಾಪಿಗೆ ಓಡಬೇಡಿ. ಹೊಟ್ಟೆಯಲ್ಲಿ ರಕ್ತಸ್ರಾವ ಮಾಡುವ ಮಾತ್ರೆ ಅದು. ಡಾಕ್ಟರು ಹೇಳಿದರೆ ಮಾತ್ರ. ಗಡ್ಡೆಯ ಆ ‘ಅಳಮ ಗಳುಕ’ ಭಾಷೆಯನ್ನು ಟಿ ಕಣಗಳಿಗೆ ಮೊದಲೇ ಕಲಿಸಿಡುವ ಲಸಿಕೆಗಳ ಪ್ರಯೋಗವೂ ಹೊರದೇಶಗಳಲ್ಲಿ ನಡೆಯುತ್ತಿದೆ. ನಮ್ಮ ಮೊಮ್ಮಗಳ ಕಾಲಕ್ಕಾದರೂ ಬಂದೀತೇನೋ.

ಈಗ ಕಷ್ಟದ ಭಾಗ. ನಮ್ಮ ನಾದಿನಿಗೆ ಹೇಳಿದೆ. ಅವಳಿಗೂ ಅರ್ಧಕ್ಕರ್ಧ ಸಾಧ್ಯತೆ, ಜೊತೆಗೆ ಹೆಂಗಸರಿಗೆ ಗರ್ಭಕೋಶದ ಭಯವೂ ಇದೆ. ಅವಳು ಹೇಳಿದ್ದು: ‘ಅತ್ತಿಗೆ, ಹುಡುಗಿಗೆ ಗಂಡು ನೋಡ್ತಾ ಇದ್ದೀವಿ. ಈಗ ಈ ಮಾತು ಯಾರ ಕಿವಿಗಾದರೂ ಬಿದ್ದರೆ ಏನು ಗತಿ? ನಮ್ಮ ವಂಶಕ್ಕೆ ಯಾಕೆ ಮಸಿ ಬಳೀತೀರಿ?’ ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಜಾತಕ ಕೇಳುವವರು ಕಾಯಿಲೆಯನ್ನೂ ಕೇಳುತ್ತಾರೆ ಎಂದು ಅವಳಿಗೆ ಗೊತ್ತು. ನಾನು ಹೇಳಿದ್ದು ಒಂದೇ: ಯಾರಿಗೂ ಹೇಳಬೇಡ, ಡಾಕ್ಟರಿಗೆ ಮಾತ್ರ ಹೇಳು. ಮೂರು ವರ್ಷ ಆಯಿತು, ಇನ್ನೂ ಹೋಗಿಲ್ಲ. ಹಬ್ಬಕ್ಕೆ ಬಂದಾಗ ಹೋಳಿಗೆ ಕೊಟ್ಟು ಹೋಗುತ್ತಾಳೆ, ಆ ಮಾತು ಎತ್ತುವುದಿಲ್ಲ.

ನಿಮ್ಮ ಓದುಗರಲ್ಲಿ ಯಾರ ಮನೆಯಲ್ಲಾದರೂ ಕರುಳಿನದೋ ಗರ್ಭಕೋಶದ ಒಳಪದರದ್ದೋ ಕ್ಯಾನ್ಸರ್ ಎಂದು ರಿಪೋರ್ಟ್ ಬಂದಿದ್ದರೆ, ಡಾಕ್ಟರ ಹತ್ತಿರ ‘ಎಂಎಂಆರ್ ಪರೀಕ್ಷೆ ಆಗಿದೆಯಾ?’ ಎಂದು ಕೇಳಲಿ. ಎಂಎಂಆರ್ ಎಂದರೆ ಮಿಸ್‌ಮ್ಯಾಚ್ ರಿಪೇರ್, ನಾನು ಮೇಲೆ ಹೇಳಿದ ತಿದ್ದುವ ವ್ಯವಸ್ಥೆ. ನಾಲ್ಕು ಸ್ಲೈಡಿನ ಪರೀಕ್ಷೆ. ಆಪರೇಷನ್ ಆಗಿ ವರ್ಷಗಳಾಗಿದ್ದರೂ ಬ್ಲಾಕ್ ಲ್ಯಾಬಿನಲ್ಲಿ ಇದ್ದರೆ ಮಾಡಬಹುದು. ಎಂಎಲ್‌ಎಚ್1 ಇಲ್ಲ ಎಂದು ಬಂದರೆ ಗಾಬರಿ ಬೇಡ, ವಯಸ್ಸಾದವರಲ್ಲಿ ಅದು ವಂಶದ ದೋಷ ಇಲ್ಲದೆಯೂ ಹೀಗಾಗುತ್ತದೆ, ಇನ್ನೊಂದು ಪರೀಕ್ಷೆ ಮಾಡಿ ಹೇಳುತ್ತಾರೆ. ಬ್ಲಾಕ್ ಎಸೆಯುವ ಮುಂಚೆ ಮನೆಯವರಿಗೆ ಒಂದು ಮಾತು ಹೇಳಿ ಎಂದು ಲ್ಯಾಬಿನವರನ್ನೂ ಕೇಳಿಕೊಳ್ಳುತ್ತೇನೆ. ನನ್ನ ಹಳೆಯ ಕಸುಬಿನವರು ಬೇಜಾರು ಮಾಡಿಕೊಳ್ಳಬಾರದು. ಜಾಗದ ಕಷ್ಟ ನನಗೂ ಗೊತ್ತು.

ಹಲ್ಲುಪುಡಿ ಡಬ್ಬಿ ಅದೇ ಗೂಡಿಗೆ ವಾಪಸು ಬಂದಿದೆ. ಬ್ಲಾಕಿನಲ್ಲಿ ಇನ್ನೂ ಹತ್ತಿಪ್ಪತ್ತು ಸ್ಲೈಡಿಗೆ ಆಗುವಷ್ಟು ಉಳಿದಿದೆ.

ಈ ಪತ್ರ ಉದ್ದವಾಯಿತು. ಕತ್ತರಿಸುವುದಾದರೆ ನನ್ನ ಕಥೆ ಕತ್ತರಿಸಿ, ಪರೀಕ್ಷೆಯ ಹೆಸರು ಉಳಿಸಿ. ಮತ್ತೆ ತಲೆಬರಹದಲ್ಲಿ ‘ಮಂಗಮಾಯ’ ಮಾತ್ರ ಬೇಡ.

ಇಂತಿ,
ನಿವೃತ್ತ ಲ್ಯಾಬ್ ಟೆಕ್ನಿಷಿಯನ್, ಮೈಸೂರು
(ಮಕ್ಕಳ ಸಲುವಾಗಿ ಹೆಸರು ಪ್ರಕಟಿಸಬೇಡಿ)